ಆರು ಸುತ್ತು

ಮಂಗಳೂರಿನಲ್ಲಿ ಉಣ್ಣೆಯ ಕಾಲುಚೀಲ ಹೆಣೆಯುತ್ತೇನೆ ಎಂದರೆ ಜನ ಮೊದಲು ನಗುತ್ತಾರೆ. ನಗಲಿ. ಇಲ್ಲಿ ಜನವರಿಯಲ್ಲೂ ಫ್ಯಾನ್ ಇಲ್ಲದೆ ನಿದ್ದೆ ಬರುವುದಿಲ್ಲ, ಏಪ್ರಿಲ್‌ನಲ್ಲಿ ಬೆವರು ಒರೆಸಿಕೊಳ್ಳುತ್ತಲೇ ಊಟ ಮಾಡಬೇಕು. ನಾನು ಮೂವತ್ತನಾಲ್ಕು ವರ್ಷ ಹುಡುಗಿಯರಿಗೆ ಹೊಲಿಗೆ, ಹೆಣಿಗೆ ಕಲಿಸಿದವಳು. ಅಷ್ಟು ವರ್ಷಗಳಲ್ಲಿ ನನ್ನ ಕ್ಲಾಸಿನಲ್ಲಿ ತಯಾರಾದ ಮಂಕಿ ಕ್ಯಾಪು, ಮಫ್ಲರುಗಳನ್ನು ಯಾರು ಹಾಕಿಕೊಂಡರೋ ದೇವರಿಗೇ ಗೊತ್ತು. ಪರೀಕ್ಷೆಗೆ ಬೇಕಿತ್ತು, ಮಾಡಿಸಿದೆ. ನಿಜವಾಗಿ ಬೇಕಾಗಿ ನಾನು ಹೆಣೆದ ಕಾಲುಚೀಲ ಒಂದೇ ಜೊತೆ. ಅದು ನನ್ನ ತಂಗಿ ಆನ್ಸಿಗೆ.

ಆನ್ಸಿ ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಕೊಲ್ಲಿ ದೇಶದ ಜುಬೈಲಿನ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ನರ್ಸ್ ಆಗಿದ್ದು, ಆರು ವರ್ಷಗಳ ಹಿಂದೆ ಊರಿಗೆ ಬಂದು, ಕಾವೂರಿನ ನನ್ನ ಮನೆಯಲ್ಲಿ ನನ್ನ ಜೊತೆಗೇ ಇದ್ದಳು. ಮದುವೆ ನಾವಿಬ್ಬರೂ ಆಗಲಿಲ್ಲ. ತನಗೆ ಪುರುಸೊತ್ತಾಗಲಿಲ್ಲ, ನನ್ನನ್ನು ಕಟ್ಟಿಕೊಳ್ಳುವ ಧೈರ್ಯ ಯಾರಿಗೂ ಬರಲಿಲ್ಲ ಎಂದು ಅವಳೇ ಎಲ್ಲರ ಎದುರು ಹೇಳುತ್ತಿದ್ದಳು. ನನ್ನನ್ನು ಅವಳು ಅಕ್ಕ ಎಂದು ಕರೆದದ್ದು ಕಡಿಮೆ. ಕರೆಯುತ್ತಿದ್ದದ್ದು ಟೀಚರ್ ಎಂದು.

ಅದಕ್ಕೊಂದು ಕಾರಣವಿದೆ. ನಾನು ಶಾಲೆಗೆ ಸೇರಿದ ಮೊದಲ ವರ್ಷ ಅವಳು ಅಲ್ಲೇ ಆರನೆಯ ಕ್ಲಾಸಿನಲ್ಲಿದ್ದಳು. ಮನೆಯಲ್ಲಿ ಅಕ್ಕ, ಕ್ಲಾಸಿನಲ್ಲಿ ಟೀಚರ್ ಎಂದು ನಾನೇ ಹೇಳಿಕೊಟ್ಟಿದ್ದೆ. ಆ ವರ್ಷದ ವಸ್ತು ಪ್ರದರ್ಶನಕ್ಕೆ ಅವಳು ಮಗುವಿನ ಕಾಲುಚೀಲ ಹೆಣೆದಳು. ಹಿಮ್ಮಡಿಯ ಹತ್ತಿರ ಒಂದು ಕುಣಿಕೆ ಜಾರಿತ್ತು. ಬೇರೆ ಹುಡುಗಿಯಾಗಿದ್ದರೆ ಸೂಜಿ ಹಾಕಿ ಸರಿಮಾಡಿ ಕೊಡುತ್ತಿದ್ದೆನೋ ಏನೋ. ತಂಗಿಗೆ ಪಕ್ಷಪಾತ ಮಾಡಿದಳು ಎಂಬ ಮಾತು ಬರಬಾರದಲ್ಲ, ಇಡೀ ಕ್ಲಾಸಿನ ಎದುರು ಅದನ್ನು ಕಡ್ಡಿಯಿಂದ ತೆಗೆದು ಬುಡದವರೆಗೆ ಬಿಚ್ಚಿಬಿಟ್ಟೆ. ಆಮೇಲೆ ನನ್ನ ಕ್ಲಾಸಿನ ಪದ್ಧತಿಯಂತೆ ಕೈಕಟ್ಟಿ ಕೂರಿಸಿದೆ. ತಪ್ಪು ಮಾಡಿದವಳು ನಾನು ‘ಸಾಕು’ ಎನ್ನುವವರೆಗೆ ಕೈ ಬಿಡುವ ಹಾಗಿಲ್ಲ. ಆ ದಿನ ಗಂಟೆ ಹೊಡೆದ ಗಡಿಬಿಡಿಯಲ್ಲಿ ಸಾಕು ಎನ್ನಲು ಮರೆತು ನಾನು ಸ್ಟಾಫ್ ರೂಮಿಗೆ ಹೋದೆ. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಖಾಲಿ ಕ್ಲಾಸಿನಲ್ಲಿ ಅವಳೊಬ್ಬಳೇ ಕೈಕಟ್ಟಿ ಕೂತಿದ್ದಳು. ಅಳುತ್ತಿರಲಿಲ್ಲ. ಮನೆಯಲ್ಲಿ ಅಮ್ಮ ನನಗೆ ಬೈದಾಗಲೂ ಟೀಚರ್ ಮಾಡಿದ್ದು ಸರಿ ಎಂದಳಂತೆ. ಆದರೆ ಆಮೇಲೆ ಅವಳು ಹೆಣಿಗೆ ಕಡ್ಡಿ ಮುಟ್ಟಲಿಲ್ಲ, ಆ ಹೆಸರು ಮಾತ್ರ ನನಗೆ ಅಂಟಿಕೊಂಡಿತು.

ಕಳೆದ ಸೆಪ್ಟೆಂಬರ್‌ನಲ್ಲಿ ಅವಳ ಕರುಳಿನಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಆಪರೇಷನ್ ಆಯಿತು, ಕೀಮೊ ಶುರುವಾಯಿತು. ಮೂರನೆಯ ಕೀಮೊ ಮುಗಿದ ಮೇಲೆ ಅವಳ ಕೈಬೆರಳು, ಕಾಲ್ಬೆರಳುಗಳು ಮರಗಟ್ಟಿದವು. ಇದು ಆ ಮದ್ದಿನ ಗುಣ, ಕೆಲವರಿಗೆ ಹೋಗುತ್ತದೆ, ಕೆಲವರಿಗೆ ಹೋಗುವುದಿಲ್ಲ ಎಂದು ಬೇರೆ ಯಾರದೋ ಕಾಯಿಲೆಯ ಬಗ್ಗೆ ಹೇಳುವಂತೆ ನನಗೆ ವಿವರಿಸಿದಳು. ನೈಟಿಯ ಗುಂಡಿ ಹಾಕಲು ಅವಳಿಗೆ ಆಗುತ್ತಿರಲಿಲ್ಲ. ಚಹಾದ ಲೋಟ ಬಿಸಿಯೋ ತಣ್ಣಗೋ ತಿಳಿಯುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕಾಲು ಚಳಿ. ಹೊರಗೆ ಟಾರು ಕರಗುವ ಬಿಸಿಲು, ಒಳಗೆ ಇವಳು ಫ್ಯಾನ್ ಬಂದ್ ಮಾಡಿಸಿ ಕಾಲಿಗೆ ಕಂಬಳಿ ಸುತ್ತಿಕೊಂಡು, ಐಸಿನಲ್ಲಿ ಕಾಲಿಟ್ಟ ಹಾಗಾಗುತ್ತದೆ ಎನ್ನುತ್ತಿದ್ದಳು. ನಾನು ಮುಟ್ಟಿ ನೋಡಿದರೆ ಪಾದ ಬೆಚ್ಚಗೇ ಇರುತ್ತಿತ್ತು.

ನಮ್ಮ ತಮ್ಮ ಒಸ್ವಾಲ್ಡ್ ಮಸ್ಕತ್ತಿನಲ್ಲಿದ್ದಾನೆ. ಅವನ ಮಗಳು ಆಂಡ್ರಿಯಾ ಐರ್ಲೆಂಡಿನಲ್ಲಿ ನರ್ಸ್. ವಿಷಯ ತಿಳಿದು ಅವಳು ಅಲ್ಲಿಯ ಉಣ್ಣೆಯ ನೂಲು ಆರು ಬಣ್ಣಗಳಲ್ಲಿ ಕಳಿಸಿದಳು, ಜೊತೆಗೆ ಹಿಮದ ಹೂವು, ಜಿಂಕೆ ಇರುವ ನಮೂನೆಯ ಹಾಳೆ. ಆನ್ಸಿ ಆ ಹಾಳೆಯನ್ನು ನೋಡಿ ಪಕ್ಕಕ್ಕಿಟ್ಟಳು.

“ನನಗೆ ಜಿಂಕೆ ಎಂತಕ್ಕೆ ಟೀಚರ್? ನಾನು ಜಿಂಕೆ ನೋಡಿದ್ದು ಪಿಲಿಕುಳದ ಝೂನಲ್ಲಿ ಒಂದು ಸಲ. ನೀನು ಹಾಕೋದಾದ್ರೆ ನಮ್ಮ ಉಳ್ಳಾಲ ಹಾಕು.”

ನಾವು ಹುಟ್ಟಿ ಬೆಳೆದದ್ದು ಉಳ್ಳಾಲದಲ್ಲಿ, ಕಡಲ ಬದಿಯ ಮನೆಯಲ್ಲಿ. ಆ ಮನೆ ಈಗಿಲ್ಲ. ನಾವು ಕಾವೂರಿಗೆ ಬಂದ ಮೇಲೆ ಒಂದು ಮಳೆಗಾಲದಲ್ಲಿ ಕಡಲು ಅಂಗಳವನ್ನು ತಿಂದಿತು, ಮರುವರ್ಷ ಗೋಡೆಯನ್ನೂ. ನಾನು ಗ್ರಾಫ್ ಪುಸ್ತಕ ತಂದು ಕೂತೆ. ಆನ್ಸಿ ಮಲಗಿದಲ್ಲಿಂದಲೇ ಹೇಳುತ್ತ ಹೋದಳು, ನಾನು ಚೌಕ ತುಂಬಿಸಿದೆ. ಕಾಲುಚೀಲದ ಬಾಯಿಯ ಅಂಚಿಗೆ ಮರುವಾಯಿ ಚಿಪ್ಪಿನ ಮೇಲಿರುವ ಅಂಕುಡೊಂಕು ಗೆರೆ. ಅದರ ಕೆಳಗೆ ಬಂಗುಡೆ ಮೀನಿನ ಬೆನ್ನು, ಹಸಿರು ನೀಲಿಯ ಮೇಲೆ ಕಪ್ಪು ಪಟ್ಟೆ. ಕಾಲಿನ ಗಂಟಿನ ಸುತ್ತ ಮರಳಿನ ಬಣ್ಣ, ಅದರ ಮೇಲೆ ಬೂದು ಚುಕ್ಕೆಗಳು. ಏಡಿಗಳು ಬಿಲ ತೋಡುವಾಗ ಸಣ್ಣ ಸಣ್ಣ ಮರಳಿನ ಉಂಡೆ ಮಾಡಿ ಹೊರಗೆ ಹಾಕುತ್ತವಲ್ಲ, ಅವು. ಹಿಮ್ಮಡಿ ಬರೀ ಮರಳು. ಪಾದಕ್ಕೆ ಅಲೆಗಳು.

ಎರಡು ಬಣ್ಣದ ನೂಲು ಒಟ್ಟಿಗೆ ಹಿಡಿದು ಹೆಣೆಯುವುದು ಸುಲಭದ ಕೆಲಸವಲ್ಲ. ಒಂದು ಬಣ್ಣ ಮುಂದೆ ಬರುವಾಗ ಇನ್ನೊಂದು ಹಿಂದೆ ಸಡಿಲವಾಗಿ ಹಾದು ಹೋಗಬೇಕು. ಅದನ್ನು ಬಿಗಿದರೆ ಕಾಲುಚೀಲ ಹಿಮ್ಮಡಿ ದಾಟುವುದಿಲ್ಲ, ಅದೂ ಆನ್ಸಿಯ ಊದಿದ ಕಾಲಿನ ಹಿಮ್ಮಡಿ. ಪ್ರತಿ ಸುತ್ತು ಮುಗಿದಾಗ ಗ್ರಾಫಿನಲ್ಲಿ ಒಂದು ಟಿಕ್ ಹಾಕುವುದು ನನ್ನ ಅಭ್ಯಾಸ. ಒಂದು ವಿಷಯದಲ್ಲಿ ನನಗೆ ಜಂಬವೂ ಇತ್ತು. ನಲವತ್ತು ಹುಡುಗಿಯರ ಹೆಣಿಗೆಯನ್ನು ಹೆಸರಿಲ್ಲದೆ ಮೇಜಿನ ಮೇಲೆ ಹಾಕಿದರೂ ಇದು ಇಂಥವಳ ಕೈ ಎಂದು ಹೇಳಬಲ್ಲೆ. ಅಕ್ಷರದ ಹಾಗೆ ಹೆಣಿಗೆಯಲ್ಲೂ ಕೈ ಬೇರೆಬೇರೆ. ಯಾರಾದರೂ ತಾಯಿಯ ಕೈಯಲ್ಲಿ ಎರಡು ಸಾಲು ಮಾಡಿಸಿಕೊಂಡು ಬಂದರೆ ಅಲ್ಲೇ ಬೆರಳಿಟ್ಟು ತೋರಿಸುತ್ತಿದ್ದೆ.

ಫೆಬ್ರವರಿಯ ಕೊನೆಗೆ ಒಂದು ಕಾಲಿನದು ಮುಗಿಯಿತು. ಆನ್ಸಿ ಅದನ್ನು ಎಡಗಾಲಿಗೆ ಹಾಕಿಸಿಕೊಂಡು, ದಿಂಬಿಗೆ ಒರಗಿ, ಕಾಲನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ನೋಡಿ ನಕ್ಕಳು.

“ಏಡಿಗಳನ್ನು ಕೂಡ ಅಸೆಂಬ್ಲಿಗೆ ನಿಲ್ಲಿಸಿದ್ದೀಯಲ್ಲ ಮಾರಾಯ್ತಿ.”

ನನ್ನ ಚುಕ್ಕೆಗಳು ನಾಲ್ಕು ಕುಣಿಕೆಗೆ ಒಂದರಂತೆ, ಮೇಲಿನ ಚುಕ್ಕೆಯ ನೇರ ಕೆಳಗೆ ಕೆಳಗಿನ ಚುಕ್ಕೆ, ಒಂದೂ ಅಲುಗದೆ ನಿಂತಿದ್ದವು. ನಾನು ಅವಳ ಮಾತನ್ನು ಹೊಗಳಿಕೆ ಎಂದೇ ತಿಳಿದೆ. ಆಮೇಲೆ ಅವಳು ಗಂಭೀರವಾಗಿ, ಬಲಗಾಲಿನದು ಬೇಗ ಆಗಬೇಕು ಎಂದಳು. ಕೀಮೊ ನಿಲ್ಲಿಸೋಣ ಎಂದು ಡಾಕ್ಟರು ಹೇಳಿ ಆಗ ಒಂದು ವಾರವಾಗಿತ್ತು. ಅದರ ಅರ್ಥ ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು.

ನಮ್ಮ ಕ್ರೈಸ್ತರಲ್ಲಿ ತೀರಿಹೋದವರಿಗೆ ಒಳ್ಳೆಯ ಸೀರೆ ಉಡಿಸಿ, ಕೈಗೆ ಬಿಳಿ ಗ್ಲೌಸು, ಕಾಲಿಗೆ ಬಿಳಿ ಕಾಲುಚೀಲ ಹಾಕಿ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಎಲ್ಲ ಒಂದೇ ಪ್ಲಾಸ್ಟಿಕ್ ಪ್ಯಾಕೆಟಿನಲ್ಲಿ ಪೆಟ್ಟಿಗೆಯ ಅಂಗಡಿಯಲ್ಲೇ ಸಿಗುತ್ತದೆ.

“ಆ ನೈಲಾನಿನ ಸಾಕ್ಸ್ ನನಗೆ ಹಾಕ್ಬೇಡ ಆಯ್ತಾ. ಎಷ್ಟೋ ಜನರಿಗೆ ನಾನೇ ಹಾಕಿದ್ದೇನೆ. ಕಾಲಿಗೆ ಹಿಡಿಯೋದೇ ಇಲ್ಲ ಅದು. ನನಗೆ ಇದೇ ಬೇಕು, ಎರಡೂ ಕಾಲಿಗೆ. ಅದಕ್ಕಿಂತ ಮೊದಲು ನಾಲ್ಕು ದಿನ ಜೀವ ಇರುವಾಗಲೂ ಹಾಕ್ಬೇಕು.”

ಆಗಲಿ ಎಂದೆ. ಅಳು ಬಂತು, ಅವಳೆದುರು ಅಳಬಾರದೆಂದು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದೆ.

ಎರಡನೆಯದಕ್ಕೆ ಮರುವಾಯಿಯ ಅಂಚು ಆಯಿತು, ಬಂಗುಡೆಯ ಬೆನ್ನೂ ಆಯಿತು. ಅಷ್ಟರಲ್ಲಿ ನನ್ನ ಕಣ್ಣು ಕೈಕೊಟ್ಟಿತು. ಪೊರೆ ಮೊದಲೇ ಇತ್ತು, ಮುಂದೆ ಹಾಕುತ್ತ ಬಂದಿದ್ದೆ. ಈಗ ಕಪ್ಪು ನೂಲಿಗೂ ಹಸಿರಿಗೂ ವ್ಯತ್ಯಾಸ ಕಾಣದೆ ತಡವರಿಸುವುದು ನೋಡಿ ಆನ್ಸಿಯೇ ಹಟ ಮಾಡಿ ಆಸ್ಪತ್ರೆಗೆ ಕಳಿಸಿದಳು. ಆಪರೇಷನ್ ಅರ್ಧ ಗಂಟೆಯದು. ಆದರೆ ಹತ್ತು ದಿನ ಬಗ್ಗಬಾರದು, ಓದಬಾರದು, ಹೆಣಿಗೆ ಮುಟ್ಟಲೇಬಾರದು ಎಂದು ಡಾಕ್ಟರು ಬರೆದು ಕೊಟ್ಟರು. ನಾನು ಕಪ್ಪು ಕನ್ನಡಕ ಹಾಕಿಕೊಂಡು, ಮಧ್ಯಾಹ್ನ ಕಣ್ಣಿಗೆ ಮದ್ದು ಬಿಟ್ಟುಕೊಂಡು ಮುಂದಿನ ಕೋಣೆಯಲ್ಲಿ ಮಲಗುವುದು. ಹೆಣಿಗೆಯ ಬುಟ್ಟಿ ಆನ್ಸಿಯ ಮಂಚದ ಪಕ್ಕದ ಕುರ್ಚಿಯಲ್ಲೇ ಉಳಿಯಿತು.

ಆ ಹತ್ತು ದಿನ ಮಧ್ಯಾಹ್ನ ಎರಡರಿಂದ ನಾಲ್ಕೂವರೆಯವರೆಗೆ ಆನ್ಸಿಯ ಹತ್ತಿರ ಕೂರಲು ರುಖಿಯಾ ಬರುತ್ತಿದ್ದರು. ನಮ್ಮಿಂದ ಎರಡು ಓಣಿ ಆಚೆ, ಕೆರೆಯ ಕಡೆ ಅವರ ಮನೆ. ಅವರ ಗಂಡನೂ ಜುಬೈಲಿನಲ್ಲಿದ್ದವರು. ಮಗಳು ನಜ್ಲಾ ಹುಟ್ಟಿದ್ದು ಆನ್ಸಿಯ ಡ್ಯೂಟಿಯಲ್ಲಿ, ಆನ್ಸಿಯ ಕೈಯಲ್ಲೇ. ಅಂದಿನಿಂದ ಅವರಿಗೆ ಆನ್ಸಿ ‘ಸಿಸ್ಟರ್’. ಅವರಿಗೆ ಕೊಂಕಣಿ ಬಾರದು, ನಮಗೆ ಅವರ ಬ್ಯಾರಿ ಭಾಷೆ ಬಾರದು, ಹಾಗಾಗಿ ಕನ್ನಡ ಮತ್ತು ತುಳುವಿನಲ್ಲಿ ಇಬ್ಬರ ಪಟ್ಟಾಂಗ ನಡೆಯುತ್ತಿತ್ತು. ಗೋಡೆಯ ಈಚೆ ಮಲಗಿ ನಾನು ಅದನ್ನು ಕೇಳುತ್ತಿದ್ದೆ. ಒಮ್ಮೊಮ್ಮೆ ತುಂಬ ಹೊತ್ತು ಇಬ್ಬರೂ ಸುಮ್ಮನಿರುತ್ತಿದ್ದರು. ಆನ್ಸಿ ಮಲಗಿರಬೇಕು ಎಂದುಕೊಳ್ಳುತ್ತಿದ್ದೆ.

ಹನ್ನೊಂದನೆಯ ದಿನ ಕಪ್ಪು ಕನ್ನಡಕ ತೆಗೆದೆ. ಲೋಕ ತೊಳೆದು ಇಟ್ಟ ಹಾಗಿತ್ತು. ಗೋಡೆಯ ಕೊಳೆ, ಕಿಟಕಿಯ ಜೇಡರ ಬಲೆ, ಆನ್ಸಿಯ ಮುಖ ಎಷ್ಟು ಇಳಿದಿದೆ ಎಂಬುದು, ಎಲ್ಲ ಒಟ್ಟಿಗೆ ಕಂಡಿತು. ಆ ಸಂಜೆ ಅವಳ ಮಂಚದ ಬದಿಯಲ್ಲಿ ಕೂತು ಕಾಲುಚೀಲ ಕೈಗೆ ತೆಗೆದುಕೊಂಡೆ. ಬಂಗುಡೆಯ ಪಟ್ಟೆ ಮುಗಿದ ಮೇಲೆ ಮರಳಿನ ಬಣ್ಣದಲ್ಲಿ ಆರು ಸುತ್ತು ಆಗಿತ್ತು. ಎಷ್ಟು ಕೆಟ್ಟದಾಗಿತ್ತೆಂದರೆ ದೀಪದ ಹತ್ತಿರ ಹಿಡಿದು ಮತ್ತೊಮ್ಮೆ ನೋಡಿದೆ. ಒಂದು ಕುಣಿಕೆ ಜೋತುಬಿದ್ದಿದೆ, ಪಕ್ಕದ್ದು ಉಸಿರುಗಟ್ಟುವಷ್ಟು ಬಿಗಿ. ಚುಕ್ಕೆಗಳಿಗೆ ಲೆಕ್ಕವೇ ಇಲ್ಲ. ಇಲ್ಲಿ ಮೂರು ಒಟ್ಟಿಗೆ, ಅಲ್ಲಿ ಒಂದು ದೂರದಲ್ಲಿ, ಇನ್ನೊಂದು ಕಡೆ ಏನೂ ಇಲ್ಲ. ಗ್ರಾಫ್ ತೆಗೆದು ನೋಡಿದೆ. ನನ್ನ ಟಿಕ್ ಬಂಗುಡೆಯ ಕೊನೆಯ ಸುತ್ತಿಗೇ ನಿಂತಿತ್ತು.

ಜೀವಮಾನದಲ್ಲಿ ಟಿಕ್ ಹಾಕಲು ಮರೆಯದವಳು, ಈಗ ಮರೆತಿದ್ದೇನೆ ಎಂದು ಸುಲಭವಾಗಿ ನಂಬಿಬಿಟ್ಟೆ. ಆಪರೇಷನ್ನಿಗೆ ಮೊದಲು ಆ ಕುರುಡುಗಣ್ಣಿನಲ್ಲಿ ನಾನೇ ಹೆಣೆದದ್ದು. ಕಣ್ಣು ಹೋಗಿತ್ತು, ಅದರ ಹಿಂದೆ ಕೈಯೂ ಹೋಗಿದೆ, ಈಗ ನೆನಪೂ ಹೋಗುತ್ತಿದೆ. ಹೆದರಿಕೆಯಾಯಿತು. ನನಗೆ ಹೆದರಿಕೆಯಾದಾಗ ಸಿಟ್ಟು ಬರುತ್ತದೆ.

“ನೋಡು, ನನ್ನ ಕುರುಡು ಕಣ್ಣಿನ ಕೆಲಸ. ಆರು ಸುತ್ತೂ ಬಿಚ್ಚಬೇಕು,” ಎಂದೆ.

ಆನ್ಸಿ ಕಾಲುಚೀಲವನ್ನು ನೋಡಿದಳು, ನನ್ನನ್ನು ನೋಡಿದಳು. “ಅಷ್ಟೊಂದು ತಪ್ಪುಂಟಾ?” ಎಂದು ಕೇಳಿದಳು.

ಒಂದನೆಯ ಕ್ಲಾಸಿನ ಮಗುವೂ ಇದಕ್ಕಿಂತ ಚೆನ್ನಾಗಿ ಮಾಡುತ್ತದೆ ಎಂದೆ. ಇದೇ ಮಾತು ಹೇಳಿದೆ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ.

“ಹಾಗೇ ಬಿಡ್ಬಹುದಿತ್ತು. ಕಾಲಿಗೆ ಹಾಕೋದಲ್ವಾ, ಯಾರು ನೋಡ್ತಾರೆ.”

ನಾನು ನೋಡುತ್ತೇನಲ್ಲ ಎಂದು ಕಡ್ಡಿ ಎಳೆದೆ. ಆಗ ಆನ್ಸಿ ಎರಡೂ ಕೈ ಮುಂದೆ ಚಾಚಿದಳು. ಬಿಚ್ಚಿದ ನೂಲು ಸಿಕ್ಕಾಗಬಾರದೆಂದು ಶಾಲೆಯಲ್ಲಿ ಹಾಗೆ ಒಬ್ಬಳು ಕೈ ಹಿಡಿಯುವುದು, ಇನ್ನೊಬ್ಬಳು ಸುತ್ತುವುದು. ನಾನು ಬಿಚ್ಚುತ್ತ ಹೋದೆ, ಅವಳ ಮರಗಟ್ಟಿದ ಕೈಗಳ ಸುತ್ತ ಸುರುಳಿ ಸುರುಳಿಯಾದ ನೂಲು ಸುತ್ತಿಕೊಳ್ಳುತ್ತ ಹೋಯಿತು. ಐದು ನಿಮಿಷವೂ ಆಗಲಿಲ್ಲ. ಮುಗಿದ ಮೇಲೆ ಅವಳು ಕಣ್ಣು ಮುಚ್ಚಿದಳು, ಸುಸ್ತಾಗಿದೆ ಎಂದಳು.

ಆಮೇಲೆ ನಾನು ನಿಲ್ಲಲಿಲ್ಲ. ಆರು ಸುತ್ತು ಹೊಸದಾಗಿ ಹೆಣೆದೆ, ಹಿಮ್ಮಡಿ ತಿರುಗಿಸಿದೆ, ಅಲೆಗಳಿಗೆ ಬಂದೆ. ಆದರೆ ಆನ್ಸಿಯ ಕಾಯಿಲೆ ನನಗಿಂತ ವೇಗವಾಗಿ ಓಡಿತು. ನೋವು ಹೆಚ್ಚಿದಂತೆ ಅವಳ ಬದಿಯಿಂದ ಏಳಲು ಆಗದೆ, ಇಡೀ ದಿನಕ್ಕೆ ಎರಡು ಸುತ್ತು ಆದರೆ ಹೆಚ್ಚು. ಗುಡ್ ಫ್ರೈಡೆಯ ದಿನ ಕಾಲು ತಣ್ಣಗಾಗುತ್ತದೆ ಎಂದಳು. ಇದ್ದ ಒಂದನ್ನು ಒಂದು ಗಂಟೆ ಎಡಗಾಲಿಗೆ, ಒಂದು ಗಂಟೆ ಬಲಗಾಲಿಗೆ ಬದಲಾಯಿಸಿ ಹಾಕಿದೆ. ಈಸ್ಟರ್ ಕಳೆದ ಮಂಗಳವಾರ ಬೆಳಿಗ್ಗೆ, ನಾನು ಗಂಜಿ ಆರಿಸುತ್ತಿದ್ದಾಗ, ಅವಳು ಹೋದಳು. ಅಲೆಗಳ ಅರ್ಧ ಮತ್ತು ಬೆರಳಿನ ಭಾಗ ಬಾಕಿ ಇತ್ತು. ಆ ಆರು ಸುತ್ತು ಬಿಚ್ಚದೆ ಇದ್ದಿದ್ದರೆ ಜೀವ ಇರುವಾಗ ಒಂದು ದಿನವಾದರೂ ಹಾಕಿಕೊಳ್ಳುತ್ತಿದ್ದಳೇನೋ ಎಂಬ ಯೋಚನೆ ಆಗಲೇ ಬಂದಿತ್ತು. ತಪ್ಪು ಕೆಲಸ ಹಾಕಿಕೊಳ್ಳುವುದಕ್ಕಿಂತ ಇದೇ ಮೇಲು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಒಸ್ವಾಲ್ಡ್ ಮಸ್ಕತ್ತಿನಿಂದ ಬಂದು ಮುಟ್ಟಲು ಗುರುವಾರವಾಗುತ್ತಿತ್ತು. ಅಲ್ಲಿಯವರೆಗೆ ಆನ್ಸಿಯನ್ನು ಆಸ್ಪತ್ರೆಯ ಶೀತಲ ಪೆಟ್ಟಿಗೆಯಲ್ಲಿ ಇಟ್ಟರು. ಚಳಿ ಚಳಿ ಎನ್ನುತ್ತಿದ್ದವಳನ್ನು ಅಲ್ಲಿ ಇಟ್ಟರು. ನಾನು ಮನೆಯಲ್ಲಿ ಕುರ್ಚಿ ಎಳೆದುಕೊಂಡು ಹೆಣೆಯಲು ಕೂತೆ. ಜಪಸರ ಹೇಳಲು ಬಂದ ವಾಳೆಯವರು, ಎಂದರೆ ಇಗರ್ಜಿಯ ನಮ್ಮ ವಾರ್ಡಿನವರು, ನನ್ನನ್ನು ನೋಡಿ ಪಿಸುಪಿಸು ಮಾತಾಡಿಕೊಂಡರು. ಒಬ್ಬಾಕೆ ಬಂದು, ಈಗ ಅದನ್ನು ಬಿಡಿ, ಸ್ವಲ್ಪ ಅತ್ತುಬಿಡಿ ಎಂದರು. ಅತ್ತರೆ ಕುಣಿಕೆ ಕಾಣುವುದಿಲ್ಲ, ನೀವು ಜಪ ಮುಂದುವರಿಸಿ ಎಂದೆ. ಬುಧವಾರ ಸಂಜೆ ನಾಲ್ಕಕ್ಕೆ ಕೊನೆಯ ಕುಣಿಕೆಯನ್ನು ಮುಚ್ಚಿ ನೂಲು ಕತ್ತರಿಸಿದೆ.

ಗುರುವಾರ ಪೆಟ್ಟಿಗೆಯವನು ಬಿಳಿ ಪ್ಯಾಕೆಟ್ ಒಡೆಯುವಾಗ ಗ್ಲೌಸು ಮಾತ್ರ ಸಾಕು ಎಂದು ಕೈ ತಡೆದೆ. ಉಣ್ಣೆಯದು, ಬಣ್ಣದ್ದು ಎಂದು ಅವನು ಅನುಮಾನಿಸಿ ಒಸ್ವಾಲ್ಡ್‌ನ ಮುಖ ನೋಡಿದ. ಅಕ್ಕ ಹೇಳಿದ ಹಾಗೆ ಮಾಡಿ ಎಂದು ತಮ್ಮ ಹೇಳಿದ. ನಾನೇ ಹಾಕಿದೆ. ಇಷ್ಟು ತಿಂಗಳು ಅವಳು ತಣ್ಣಗಿದೆ ಎಂದಾಗಲೆಲ್ಲ ಬೆಚ್ಚಗಿದ್ದ ಪಾದ ಈಗ ನಿಜವಾಗಿ ತಣ್ಣಗಿತ್ತು. ಕಾಲುಚೀಲ ಹಿಮ್ಮಡಿಯನ್ನು ಸರಾಗವಾಗಿ ದಾಟಿತು.

ಎಲ್ಲರೂ ಹೊಗಳಿದರು. ಕೊನೆಯ ದರ್ಶನಕ್ಕೆ ಬಂದವರು ಮುಖ ನೋಡಿ, ಆಮೇಲೆ ಕಾಲು ನೋಡಿ ನಿಲ್ಲುತ್ತಿದ್ದರು. ಫೋನಿನಲ್ಲಿ ನೋಡಿದ ಆಂಡ್ರಿಯಾ ಅಳುತ್ತಲೇ, ಎರಡೂ ಎಷ್ಟು ಸಮ, ಒಂದು ಚುಕ್ಕೆಯೂ ಹೆಚ್ಚುಕಡಿಮೆ ಇಲ್ಲ ಎಂದಳು. ನನಗೆ ಆಗ, ಆ ದುಃಖದಲ್ಲೂ, ಒಳಗೊಳಗೆ ಸಂತೋಷವಾಯಿತು. ಮಾತು ಉಳಿಸಿಕೊಂಡೆ, ಎರಡೂ ಕಾಲಿಗೆ ಹಾಕಿ ಕಳಿಸಿದೆ ಎಂದು ಗುಡಿಸಿ ಒರೆಸಿದ ಮನೆಯಲ್ಲಿ ಒಂದು ತಿಂಗಳು ನೆಮ್ಮದಿಯಿಂದಲೇ ಅತ್ತೆ.

ಮೂವತ್ತನೆಯ ದಿನ ಇಗರ್ಜಿಯಲ್ಲಿ ಅವಳ ಹೆಸರಿಗೆ ಪೂಜೆ ಇತ್ತು. ಮಧ್ಯಾಹ್ನ ಊಟ ಮುಗಿಸಿ ಬಂದವರೆಲ್ಲ ಹೋದ ಮೇಲೆ ರುಖಿಯಾ ಬಂದರು. ನಾನು ಊಟದ ಮೇಜಿನ ಮೇಲೆ ಗೆರಸೆ ಇಟ್ಟುಕೊಂಡು ಕುಚ್ಚಲಕ್ಕಿಯ ಕಲ್ಲು ಹೆಕ್ಕುತ್ತಿದ್ದೆ. ಅವರೂ ಎದುರು ಕೂತು ಹೆಕ್ಕತೊಡಗಿದರು. ಮಾತು ಕಾಲುಚೀಲದ ಕಡೆ ಹೋಯಿತು. ಬಂದವರು ಇವತ್ತೂ ಅದನ್ನೇ ನೆನೆಸಿಕೊಂಡರು ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಕಣ್ಣಿನ ಪೊರೆಯಲ್ಲಿ ಆರು ಸುತ್ತು ಹಾಳುಮಾಡಿಟ್ಟಿದ್ದೆ, ಬೇರೆಯವರಾಗಿದ್ದರೆ ಹಾಗೇ ಮುಂದುವರಿಸುತ್ತಿದ್ದರು, ನಾನು ಬಿಚ್ಚಿದೆ, ಅದಕ್ಕೇ ಅಷ್ಟು ಚಂದ ಬಂತು ಎಂದು ಕೊಚ್ಚಿಕೊಂಡೆ.

ರುಖಿಯಾ ಅಕ್ಕಿಯಿಂದ ಕೈ ತೆಗೆದರು.

“ಟೀಚರೇ, ಹೇಳ್ಬಾರ್ದು ಅಂತ ಸಿಸ್ಟರ್ ಹೇಳಿದ್ರು. ಆದ್ರೆ ನೀವು ಹಾಗೆ ಹೇಳೋದನ್ನು ಕೇಳ್ಲಿಕ್ಕೆ ನನಗೆ ಆಗೋದಿಲ್ಲ. ಅದು ನಿಮ್ಮ ಕಣ್ಣಿನ ತಪ್ಪಲ್ಲ. ಅದು ಸಿಸ್ಟರ್ ಮಾಡಿದ್ದು.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳಿಗೆ ಗುಂಡಿ ಹಾಕಲು ಬರುತ್ತಿರಲಿಲ್ಲ ಎಂದೆ.

ಹೌದು, ಬರುತ್ತಿರಲಿಲ್ಲ ಎಂದು ರುಖಿಯಾ ಎಲ್ಲ ಹೇಳಿದರು. ನಾನು ಕಣ್ಣಿಗೆ ಮದ್ದು ಬಿಟ್ಟು ಮಲಗಿದ ಕೂಡಲೇ ಆನ್ಸಿ ಬುಟ್ಟಿಯನ್ನು ಹತ್ತಿರ ಎಳೆಸಿಕೊಳ್ಳುತ್ತಿದ್ದಳಂತೆ. ಬೆರಳಿಗೆ ನೂಲು ಸಿಕ್ಕಿದೆಯೋ ಇಲ್ಲವೋ ಅವಳಿಗೆ ತಿಳಿಯುತ್ತಿರಲಿಲ್ಲ. ಕುಣಿಕೆ ಕಡ್ಡಿಯಲ್ಲಿ ಉಂಟಾ, ಬಿತ್ತಾ ಎಂದು ಪ್ರತಿ ಸಲ ಪಿಸುದನಿಯಲ್ಲಿ ಕೇಳುವುದು, ರುಖಿಯಾ ಬಗ್ಗಿ ನೋಡಿ ಉಂಟು ಎನ್ನುವುದು. ಒಂದು ಸುತ್ತಿಗೆ ಒಂದು ಮಧ್ಯಾಹ್ನ, ಕೆಲವಕ್ಕೆ ಒಂದೂವರೆ. ಗೋಡೆಯ ಈಚೆ ಮಲಗಿ ನಾನು ಕೇಳಿದ ಮೌನ ಇದಾಗಿತ್ತು.

“ಚುಕ್ಕೆ ಸಾಲಿಲ್ಲದೆ ಹಾಕಿದ್ದು ಬೇಕಂತಲೇ. ಏಡಿಗಳು ಸಾಲಿನಲ್ಲಿ ನಿಲ್ಲೋದಿಲ್ಲ ರುಖಿಯಾ, ಹೆದರಿ ಓಡ್ತವೆ, ಟೀಚರಿಗೆ ಅದು ಗೊತ್ತಿಲ್ಲ ಅಂತ ನಗ್ತಿದ್ರು. ನಿಮಗೆ ಗೊತ್ತಾಗೋದಿಲ್ಲ ಅಂತ ಅವರು ತಿಳ್ಕೊಂಡಿದ್ರು. ಎರಡೂ ಮುಗಿದು ಕಾಲಿಗೆ ಹಾಕಿದ ಮೇಲೆ ಹೇಳ್ತೇನೆ, ಈ ಸಲ ಪಾಸಾದೆ ಅಂತ ಹೇಳ್ತೇನೆ ಅಂತ ಇದ್ರು.”

ಬಿಚ್ಚಿದ ಮೇಲೆ ಅವಳು ಏನಾದರೂ ಹೇಳಿದಳೇ ಎಂದು ಕೇಳಿದೆ. ಕೇಳಬಾರದಿತ್ತು, ಕೇಳದೆ ಇರಲಾಗಲಿಲ್ಲ.

“ಟೀಚರ್ ಪಾಸ್ ಮಾಡ್ಲಿಲ್ಲ ಅಂದ್ರು. ನಗ್ತಾನೇ ಹೇಳಿದ್ರು. ಮತ್ತೆ ಮಾಡುವ ಅಂತ ಒಂದು ಸಲ ಕಡ್ಡಿ ಹಿಡಿದು ನೋಡಿದ್ರು. ಆಗ್ಲಿಲ್ಲ.”

ನಲವತ್ತು ಹುಡುಗಿಯರ ಕೈ ಗುರುತಿಸುತ್ತಿದ್ದವಳು ನಾನು. ಮನೆಯೊಳಗಿನ ಒಂದೇ ಒಂದು ಕೈಯನ್ನು, ಅದೂ ಹೊಸದಾಗಿ ತೆರೆದ ಕಣ್ಣಿನಲ್ಲಿ ನೋಡಿ, ಗುರುತಿಸಲಿಲ್ಲ. ಕುರುಡು ಕಣ್ಣು ಎಂದೆ, ಒಂದನೆಯ ಕ್ಲಾಸಿನ ಮಗು ಎಂದೆ. ಅವಳ ಕೈಯಲ್ಲೇ ಅವಳ ನೂಲು ಹಿಡಿಸಿದೆ. ಆ ನೂಲಿನಿಂದಲೇ ನನ್ನ ಸಾಲು ಚುಕ್ಕೆಗಳನ್ನು ಹೆಣೆದು ಮಣ್ಣಿಗೆ ಹಾಕಿದೆ. ಇದನ್ನೆಲ್ಲ ರುಖಿಯಾಗೆ ಹೇಳಲಿಲ್ಲ. ಆ ಚುಕ್ಕೆಗಳು ಹೇಗಿದ್ದವು ಎಂದು ಮಾತ್ರ ಕೇಳಿದೆ. ನಾನು ಅದನ್ನು ನೋಡಿದ್ದೆ, ಆದರೆ ತಪ್ಪು ಹುಡುಕಲೆಂದು ಒಂದು ನಿಮಿಷ ನೋಡಿದ್ದು. ಈಗ ಏನೂ ನೆನಪಿರಲಿಲ್ಲ.

ರುಖಿಯಾಗೆ ಹೆಣಿಗೆ ಗೊತ್ತಿಲ್ಲ. ಅವರು ಗೆರಸೆಯಿಂದ ಒಂದು ಚಿಟಿಕೆ ಕುಚ್ಚಲಕ್ಕಿ ತೆಗೆದು, ಮೇಜಿನ ಕಪ್ಪು ಹಲಗೆಯ ಮೇಲೆ ಒಂದೊಂದಾಗಿ ಇಡುತ್ತ ಹೋದರು. ಇಲ್ಲಿ ಮೂರು ಒಟ್ಟಿಗೆ. ಇಲ್ಲಿ ಒಂದು. ಇದು ಸ್ವಲ್ಪ ಆಚೆ. ನಡುವೆ ಖಾಲಿ. ಇಟ್ಟು, ನೋಡಿ, ಒಂದೆರಡನ್ನು ಸರಿಸಿದರು. ಸುಮಾರಾಗಿ ಹೀಗೆ ಎಂದರು. ನಿಜವಾಗಿ ಅದು ಕಡಲ ಬದಿಯ ಹಾಗೇ ಇತ್ತು. ನಮ್ಮ ಮನೆಯ ಎದುರು, ನೀರು ಇಳಿದ ಹೊತ್ತಿನಲ್ಲಿ, ಆನ್ಸಿ ಓಡಿ ಹೋದಾಗ ಏಡಿಗಳು ದಿಕ್ಕಾಪಾಲಾಗಿ ಬಿಟ್ಟುಹೋಗುತ್ತಿದ್ದ ಮರಳಿನ ಹಾಗೆ.

ಮಸೀದಿಯಿಂದ ಸಂಜೆಯ ಬಾಂಗ್ ಕೇಳುತ್ತಲೇ ರುಖಿಯಾ ಎದ್ದರು. ಬಾಗಿಲ ತನಕ ಹೋಗಿ, ತಿರುಗಿ ಬಂದು, ನನ್ನ ಭುಜದ ಮೇಲೆ ಕೈ ಇಟ್ಟು, ಹೇಳಿದ್ದು ತಪ್ಪಾಯಿತಾ ಎಂದು ಕೇಳಿದರು. ಇಲ್ಲ ಎಂದೆ.

ಅವರು ಹೋದ ಮೇಲೆ ಆ ಅಕ್ಕಿಕಾಳುಗಳನ್ನು ನೋಡುತ್ತ ಕೂತೆ. ಎಷ್ಟು ಹೊತ್ತೋ. ಒಮ್ಮೆ ನೋಡಿಕೊಂಡರೆ ನನ್ನ ಬೆರಳು ದೂರವಿದ್ದ ಒಂದು ಕಾಳನ್ನು ಮೆಲ್ಲಗೆ ಸರಿಸಿ, ಮೇಲಿನ ಕಾಳಿನ ನೇರ ಕೆಳಗೆ ತಂದು ನಿಲ್ಲಿಸಿತ್ತು.

ಕೈ ಹಿಂದಕ್ಕೆ ತೆಗೆದೆ. ಆ ಕಾಳು ಮೊದಲು ಎಲ್ಲಿತ್ತು ಎಂದು ತಿಳಿಯಲಿಲ್ಲ. ಎರಡೂ ಕೈಯನ್ನು ಎದೆಗೆ ಕಟ್ಟಿಕೊಂಡು, ಬೆನ್ನು ನೇರ ಮಾಡಿ ಕೂತೆ, ನನ್ನ ಕ್ಲಾಸಿನಲ್ಲಿ ಹುಡುಗಿಯರನ್ನು ಕೂರಿಸುತ್ತಿದ್ದ ಹಾಗೆ. ಹೊರಗೆ ಬೆಳಕು ಇಳಿಯಿತು. ತೋಳು ನೋಯತೊಡಗಿತು. ಸಾಕು ಎಂದು ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ.